ಕಾಲೆತ್ತುವ ತನಕ

ಹಾಡಿನ ಮೂರು ನುಡಿಯೂ ಮುಗಿಯಿತು, ವರ್ಲೀನ್ ಮಾತ್ರ ಕಾಲೆತ್ತಲಿಲ್ಲ. ಬ್ಲೂಗ್ರಾಸ್ ಅನ್ನುವ ಅಮೆರಿಕದ ಬೆಟ್ಟಸೀಮೆಯ ಸಂಗೀತದ ಕೂಟದಲ್ಲಿ ಹಾಡು ಶುರು ಮಾಡಿದವರೇ ಅದನ್ನು ಮುಗಿಸಬೇಕು. ಅವರು ಒಂದು ಪಾದ ಮೇಲಕ್ಕೆತ್ತಿದರೆ ಸುತ್ತ ಕುಳಿತ ಹನ್ನೊಂದು ಮಂದಿಗೂ ಇದು ಕೊನೆಯ ಸಾಲು ಅಂತ ಗೊತ್ತಾಗುತ್ತದೆ. ವರ್ಲೀನ್ ಎರಡೂ ಪಾದಗಳನ್ನು ಫೈರ್ ಸ್ಟೇಷನ್ನಿನ ಸಿಮೆಂಟು ನೆಲಕ್ಕೆ ಊರಿಕೊಂಡು, ಗಿಟಾರನ್ನು ಇನ್ನಷ್ಟು ಜೋರಾಗಿ ಮೀಟುತ್ತ, ತಿರುಗಿ ಮೊದಲನೆಯ ನುಡಿಗೇ ಹೋದಳು. ಹೊಳೆ ದಾಟಿ ಮನೆ ಸೇರಿದ್ದ ಹಾಡಿನ ಹೇಸರಗತ್ತೆ, ಪಾಪ, ಮತ್ತೆ ಆಚೆ ದಡಕ್ಕೆ ಬಂದು ನಿಂತಿತು.

ಮರೆತಿರಬೇಕು ಅಂದುಕೊಂಡ, ಕೂಟಕ್ಕೆ ಕಲಿಸುವ ಎಲ್ಡನ್ ಮೇಷ್ಟ್ರು ಬ್ಯಾಂಜೋ ನುಡಿಸುತ್ತಲೇ ತಮ್ಮ ಬೂಟುಗಾಲನ್ನು ಎತ್ತಿ ತೋರಿಸಿದರು.

"ವರ್ಲೀನಕ್ಕ, ಕಾಲು! ಕಾಲು!"

"ನೋಡ್ದೆ ಮೇಷ್ಟ್ರೇ, ಬೂಟು ಚೆನ್ನಾಗಿದೆ," ಎಂದು ಅವಳು ಎರಡನೆಯ ನುಡಿಗೆ ದಾಟಿದಳು.

ಮೂವತ್ತು ವರ್ಷ ಬೆಟ್ಟದ ರಸ್ತೆಯಲ್ಲಿ ಸ್ಕೂಲ್ ಬಸ್ ಓಡಿಸಿದವಳು. ಎಲ್ಲಿ ನಿಲ್ಲಿಸಬೇಕು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಕಣ್ಣೆಲ್ಲ ಎದುರಿಗೆ ಕುಳಿತ ತಮ್ಮ ಹಾಯ್ಟ್‌ನ ಮೇಲಿತ್ತು. ಹನ್ನೆರಡು ಶನಿವಾರಗಳ ತರಬೇತಿಯ ಕೊನೆಯ ದಿನ ಅದು. ಪ್ರತಿ ಹಾಡಿನಲ್ಲೂ ಹಾಡುವವರು ಒಬ್ಬೊಬ್ಬರ ಕಡೆ ತಲೆಯಾಡಿಸಿ ಕರೆಯುತ್ತಾರೆ. ಕರೆಸಿಕೊಂಡವರು ಒಂದು ಸುತ್ತು ಒಬ್ಬರೇ ನುಡಿಸುತ್ತಾರೆ, ಒಲ್ಲೆ ಅಂತ ತಲೆ ಅಲ್ಲಾಡಿಸಿದರೆ ಸರದಿ ಪಕ್ಕದವರಿಗೆ ಹೋಗುತ್ತದೆ. ಹನ್ನೊಂದು ಶನಿವಾರವೂ ಹಾಯ್ಟ್ ಒಲ್ಲೆ ಅಂದಿದ್ದ, ಇವತ್ತು ಈ ಹಾಡಿನಲ್ಲೂ ಆಗಲೇ ಒಮ್ಮೆ ಅಂದಾಗಿತ್ತು. ಅರವತ್ತೆರಡರ ಗಂಡಸು, ಮರ ಕೊಯ್ಯುವ ಯಂತ್ರ ಎಷ್ಟೇ ಕೆಟ್ಟಿದ್ದರೂ ರಿಪೇರಿ ಮಾಡುವವನು, ಆ ಪುಟ್ಟ ಮ್ಯಾಂಡೊಲಿನ್ ಹಿಡಿದು ಬೆವರುತ್ತಿದ್ದ.

ಹಾಗಂತ ಅವನಿಗೆ ನುಡಿಸಲು ಬರುವುದಿಲ್ಲ ಅಂತೇನಿಲ್ಲ. ಹೋದ ತಿಂಗಳು ಜೋಳದ ರೊಟ್ಟಿ ಕೊಡಲು ಅವನ ಶೆಡ್ಡಿಗೆ ಹೋದ ವರ್ಲೀನ್, ಒಳಗಿನಿಂದ ಕೇಳಿಬಂದ ನಾದಕ್ಕೆ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ರೊಟ್ಟಿ ಆರಿ ತಣ್ಣಗಾಗಿತ್ತು, ಅವಳಿಗೆ ಬಾಗಿಲು ತಟ್ಟಲು ಮನಸ್ಸಾಗಿರಲಿಲ್ಲ. ಇವತ್ತು ಬೆಳಿಗ್ಗೆ ಟ್ರಕ್ಕಿನಲ್ಲಿ ಬರುವಾಗ ಹಾಯ್ಟ್ ಕಿಟಕಿಯ ಕಡೆ ನೋಡುತ್ತ ಹೇಳಿದ್ದ: "ಇವತ್ತಿಗೆ ಸಾಕಕ್ಕ. ಮ್ಯಾಂಡೊಲಿನ್ನ ಚರ್ಚಿನ ಮಾರಾಟಕ್ಕೆ ಕೊಟ್ಬಿಡ್ತೀನಿ. ನಾಲ್ಕು ಜನರ ಮುಂದೆ ನುಡಿಸೋದು ನನ್ನ ಕೈಲಾಗಲ್ಲ." ಅವನು ಮಾತು ಕಲಿತಂದಿನಿಂದ ಅವನ ಮಾತನ್ನೆಲ್ಲ ಅವಳೇ ಆಡಿಕೊಂಡು ಬಂದಿದ್ದಳು. ಕ್ಷೌರದಂಗಡಿಯಲ್ಲಿ ಕೂದಲು ಎಷ್ಟು ಗಿಡ್ಡ ಮಾಡಬೇಕು, ಹೋಟೆಲಿನಲ್ಲಿ ಅವನಿಗೆ ಏನು ಬೇಕು, ಎಲ್ಲಕ್ಕೂ ಅವಳದೇ ಉತ್ತರ. ಮ್ಯಾಂಡೊಲಿನ್ನನ್ನು ಮಾತ್ರ ಅವನ ಬದಲಿಗೆ ಅವಳು ನುಡಿಸುವಂತಿರಲಿಲ್ಲ.

ಎರಡನೆಯ ಸಲವೂ ಹೇಸರಗತ್ತೆ ಮನೆ ಸೇರಿತು. ವರ್ಲೀನ್ ಹಾಯ್ಟ್‌ನ ಕಡೆ ತಲೆಯಾಡಿಸಿದಳು. ಅವನು ಒಲ್ಲೆ ಅಂದ. ಪಕ್ಕದ ಪಿಟೀಲು ಮುದುಕ ಆ ಸರದಿಯನ್ನು ಖುಷಿಯಾಗಿ ಎತ್ತಿಕೊಂಡ. ಮುಗಿಯುತ್ತಲೇ ಅವಳು ಮತ್ತೆ ಮೊದಲನೆಯ ನುಡಿ ಎತ್ತಿಕೊಂಡಳು.

"ಅಯ್ಯೋ, ಆ ಪ್ರಾಣೀನ ಎಷ್ಟು ಸಲ ನೀರಿಗಿಳಿಸ್ತೀಯೇ!" ಎಂದು ಆಳೆತ್ತರದ ಬಾಸ್ ವಾದ್ಯ ನುಡಿಸುತ್ತಿದ್ದ ಹೆಂಗಸು ಕೂಗಿದಳು. "ನನ್ನ ಬೆರಳೆಲ್ಲ ಬೊಬ್ಬೆ ಬಂತು!"

"ನನಗೇನು ಅರ್ಜೆಂಟಿಲ್ಲ," ಎಂದಳು ವರ್ಲೀನ್. "ಲೋ ಹಾಯ್ಟ್, ಅದೇನು ಎಳೆಗೂಸಾ, ಹಂಗೆ ಎದೆಗವಚಿಕೊಂಡು ಕೂತಿದ್ದೀಯ? ನೀನು ನುಡಿಸೋ ತನಕ ಈ ಕಾಲು ಮೇಲೇಳಲ್ಲ. ಊಟಕ್ಕೂ ಇಲ್ಲ, ಮನೆಗೂ ಇಲ್ಲ."

ಆಗ ಎಲ್ಲರಿಗೂ ವಿಷಯ ತಿಳಿಯಿತು. ಎಲ್ಡನ್ ಮೇಷ್ಟ್ರು ನಗು ತಡೆಯಲಾರದೆ ಮುಖ ತಗ್ಗಿಸಿದರು. ಮೂರನೆಯ ಸಲ ಅವಳು ತಮ್ಮನ ಕಡೆ ತಲೆಯಾಡಿಸಿದಳು, ಅವನು ಒಲ್ಲೆ ಅಂತ ಪಿಟೀಲಿನ ಮುದುಕನತ್ತ ನೋಡಿದ. ಮುದುಕ ಕಮಾನನ್ನು ತೊಡೆಯ ಮೇಲಿಟ್ಟು ಚಾವಣಿ ನೋಡತೊಡಗಿದ. ಆಚೆಯವರು ಷೂ ಲಾಡಿ ಕಟ್ಟಿಕೊಳ್ಳಲು ಬಗ್ಗಿದರು. ಯಾರೂ ಸರದಿ ಎತ್ತಿಕೊಳ್ಳಲಿಲ್ಲ. ಬರೀ ತಾಳ ನಡೆಯುತ್ತಿತ್ತು, ರಾಗ ಇರಬೇಕಾದ ಕಡೆ ಖಾಲಿ ಇತ್ತು. ಹಾಯ್ಟ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಕಳ್ಳರೇ.

ಮೊದಲ ಸ್ವರ ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದು ಸರಿಯಾದ ಜಾಗಕ್ಕೆ ಬಿತ್ತು, ಅದರ ಹಿಂದೆ ಉಳಿದವು ಒಂದೊಂದಾಗಿ ಬಂದವು. ಸ್ವಲ್ಪ ಹೊತ್ತಿನಲ್ಲೇ ಅವನ ಬೆರಳು ಎಲ್ಲರಿಗಿಂತ ಮುಂದೆ ಓಡತೊಡಗಿತು. ಬಾಸಿನವಳು ಬೊಬ್ಬೆ ಮರೆತು ಹಿಂದೆಯೇ ಓಡಿದಳು. "ಹಾಕು ಹಾಯ್ಟ್, ಹಾಕು!" ಎಂದು ಪಿಟೀಲಿನ ಮುದುಕ ನೆಲಕ್ಕೆ ಕಾಲು ಬಡಿದ. ವರ್ಲೀನಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇಷ್ಟು ಸಂತೋಷ ಅವಳಿಗೆ ಎಷ್ಟು ವರ್ಷದಿಂದ ಆಗಿರಲಿಲ್ಲವೋ. ತಮ್ಮನ ಸುತ್ತು ಮುಗಿಯುತ್ತ ಬಂತು, ತಾನು ಬೇಡಿದ್ದು ಸಿಕ್ಕಿತು ಅಂತ ಅವಳು ಕೊನೆಗೂ ಕಾಲೆತ್ತಿದಳು.

"ಅಕ್ಕಾ!"

ಹಾಯ್ಟ್ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಅವನ ಕೈ ನಿಂತಿರಲಿಲ್ಲ, ಮುಖ ಕೆಂಪಾಗಿತ್ತು.

"ಕಾಲು ಕೆಳಗಿಡು! ನಂದಿನ್ನೂ ಮುಗಿದಿಲ್ಲ!"

ವರ್ಲೀನ್ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಬಾಯಿ ಮುಚ್ಚಿಕೊಂಡು, ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಳು.