ಮೊದಲ ದೋಸೆ

ಗರಿಯಾಹಾಟಿನ ಉಡುಪಿ ಹೋಟೆಲಿನಲ್ಲಿ ಆ ಬೆಳಿಗ್ಗೆಯೂ ಕಾವಲಿಯ ಮೊದಲ ದೋಸೆ ಅಂಟಿ ಹರಿಯಿತು. ವಾರಿಜತ್ತೆ ಎಂದಿನಂತೆ ನಾಯಿಯ ನೆಗ್ಗಿದ ತಟ್ಟೆಯನ್ನು ಮುಂದೆ ಹಿಡಿದರು. ಹದಿನಾಲ್ಕು ವರ್ಷದಿಂದ ಆ ದೋಸೆ ಭೋಲುವಿನದು. ಅದರ ಹಲ್ಲು ಉದುರಿದ ಮೇಲೆ ಅವರೇ ಹಾಲಿನಲ್ಲಿ ಕಿವುಚಿ ಹಾಕುತ್ತಿದ್ದರು. ತಮ್ಮನ ಮಗ ಕೃಷ್ಣರಾಜ ದೋಸೆಯನ್ನು ಕೆರೆದು ತಟ್ಟೆಗೆ ಹಾಕಿದ ಮೇಲೆಯೇ, ಭೋಲು ನಿನ್ನೆ ಸತ್ತದ್ದು ಅವರಿಗೆ ನೆನಪಾಯಿತು. ಕಣ್ಣು ತುಂಬಿತು.

“ಅಳ್ಲಿಕ್ಕೆ ಈಗ ಪುರುಸೊತ್ತಿಲ್ಲ ಅತ್ತೆ,” ಎಂದ ಕೃಷ್ಣರಾಜ. “ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಆಫೀಸಿಗೆ ಎಂಟು ಗಂಟೆಗೆ ಇನ್ನೂರು ದೋಸೆ ಹೋಗ್ಬೇಕು.”

ಹರಿದ ದೋಸೆಯನ್ನು ಕಸದ ಬುಟ್ಟಿಗೆ ಹಾಕಲು ಹೊರಟ ವಾರಿಜತ್ತೆಯನ್ನು ಅವನ ಹೆಂಡತಿ ಸುಗುಣಾ ತಡೆದಳು. “ಬಿಸಾಡುವುದೆಂತಕ್ಕೆ? ನೀವೇ ತಿನ್ನಿ. ಇನ್ನು ದಿನಾ ಅದು ನಿಮಗೇ. ಮೆತ್ತಗೆ ಉಂಟು, ನಿಮಗೂ ಹಲ್ಲಿಲ್ಲವಲ್ಲ.”

ಕೃಷ್ಣರಾಜ ತಲೆಯೆತ್ತಲಿಲ್ಲ, ಎರಡನೆಯ ದೋಸೆ ಎರೆದ. ವಾರಿಜತ್ತೆ ಗಿರಾಕಿಗಳಿಗೆ ಕೊಡುವ ಸ್ಟೀಲಿನ ತಟ್ಟೆಯೊಂದಕ್ಕೆ ಕೈ ಚಾಚಿದರು.

“ಬೇರೆ ತಟ್ಟೆ ಎಂತಕ್ಕೆ ಅತ್ತೆ?” ಎಂದಳು ಸುಗುಣಾ. “ಕೈಯಲ್ಲಿರುವುದನ್ನು ನಿನ್ನೆಯೇ ತೊಳೆದಿಟ್ಟಿದ್ದೇನಲ್ಲ.”