ಅಲ್ಲಾಡುವ ಕಂಬ

“ಇದಲ್ಲ,” ಎಂದಳು ಫಿರ್ಯಾಲ್, ಕಂಬದ ಬುಡದ ಸಂದಿಯಿಂದ ಬೆರಳು ತೆಗೆಯುತ್ತ.

ಗೈಡ್ ಮುದುಕ ಮುಖ ಸಿಂಡರಿಸಿದ. ಜೆರಾಶ್‌ನ ಹಾಳೂರಿಗೆ ಬಂದವರಿಗೆಲ್ಲ ಅವನು ತೋರಿಸುವ ವಿಚಿತ್ರ ಇದೊಂದೇ. ರೋಮನ್ನರು ನಿಲ್ಲಿಸಿಹೋದ ಗುಡಿಯ ಕಂಬಗಳು ಗಾಳಿಗೆ ಕೂದಲೆಳೆಯಷ್ಟು ವಾಲುತ್ತವೆ. ಬುಡಕ್ಕೆ ಚಮಚ ಸಿಕ್ಕಿಸಿದರೆ ಅದರ ಹಿಡಿ ಮೇಲೆ ಕೆಳಗೆ ಆಡುತ್ತದೆ.

“ಯಾವುದಾದ್ರೇನಮ್ಮ? ಎಲ್ಲಾ ಕಂಬಾನೂ ಅಲ್ಲಾಡುತ್ತೆ.”

“ನನಗೆ ಎಲ್ಲಾ ಬೇಡ. ಅದೊಂದೇ ಬೇಕು.”

ಮುದುಕ ಚಮಚ ಜೇಬಿಗಿಳಿಸಿ ಬೇರೆ ಗಿರಾಕಿಗಳ ಕಡೆ ಹೊರಟುಹೋದ. ಪಕ್ಕದಲ್ಲಿ ಬಿದ್ದಿದ್ದ ಕಲ್ಲಿನ ಮೇಲೆ ಖದ್ರಾ ಚಪ್ಪಲಿ ಬಿಟ್ಟು ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಇಬ್ಬರೂ ನವ್ವಾಫ್‌ನ ಹೆಂಡಿರು. ಖದ್ರಾ ಮೊದಲನೆಯವಳು, ಫಿರ್ಯಾಲ್ ಎರಡನೆಯವಳು. ಅವನು ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ವಿಧವೆಯರು ಹೊಸಿಲು ದಾಟಬಾರದ ತಿಂಗಳುಗಳು ಮುಗಿದ ಮೇಲೆ ಫಿರ್ಯಾಲ್, ಒಮ್ಮೆ ಜೆರಾಶ್‌ಗೆ ಹೋಗಬೇಕು ಎಂದಿದ್ದಳು. “ಒಬ್ಬಳೇ ಹೇಗೆ ಹೋಗ್ತೀಯ,” ಎಂದು ಖದ್ರಾ ನೋವಿನ ಮಂಡಿ ಹೊತ್ತುಕೊಂಡೇ ತಮ್ಮೂರು ಮಫ್ರಕ್‌ನಿಂದ ಬಸ್ಸು ಹತ್ತಿದ್ದಳು.

ಮದುವೆಯಾದ ಹೊಸತರಲ್ಲಿ ನವ್ವಾಫ್ ಫಿರ್ಯಾಲ್‌ಳನ್ನು ಇಲ್ಲಿಗೆ ಕರೆತಂದು, ಒಂದು ಕಂಬದಡಿ ಅವಳ ಬೆರಳನ್ನು ತಾನೇ ಹಿಡಿದು ಸಿಕ್ಕಿಸಿದ್ದ. ಆಗ ಕಿವಿಯಲ್ಲಿ ಅವನು ಹೇಳಿದ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕರೆದುಕೊಂಡು ಬಂದದ್ದನ್ನು ಮಾತ್ರ ಊರಿಗೆಲ್ಲ ಸಾರಿದ್ದಳು. ಮನೆಯಲ್ಲಿ ಜಗಳವಾದಾಗಲೆಲ್ಲ, “ನನಗಾದ್ರೂ ಜೆರಾಶ್ ತೋರಿಸಿದ್ರು. ನಿಮಗೇನು ತೋರಿಸಿದ್ದಾರೆ, ಅಡುಗೆಮನೆ ಬಿಟ್ಟು?” ಎಂದು ಚುಚ್ಚುತ್ತಿದ್ದಳು. ಖದ್ರಾ ಅಕ್ಕಿ ಆರಿಸುತ್ತಿದ್ದ ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದಳು.

ಫಿರ್ಯಾಲ್ ಇನ್ನೂ ಎರಡು ಕಂಬಗಳ ಬುಡ ತಡಕಿದಳು. ಒಂದರಲ್ಲಿ ಬೆರಳೇ ಹೋಗಲಿಲ್ಲ. ಇನ್ನೊಂದರಲ್ಲಿ ಹೋಯಿತು, ಆದರೆ ಅದು ಅದಲ್ಲ. ಕೈಯ ಧೂಳು ಕೂಡ ಕೊಡವದೆ ಬಂದು ಖದ್ರಾಳ ಮುಂದೆ ನಿಂತಳು.

“ಏಳಿ ಅಕ್ಕಾ, ಹೋಗೋಣ. ಯಾವುದೋ ಏನೋ, ಮರೆತೇಹೋಗಿದೆ. ನಾಳೆ ಅವರ ಮುಖಾನೂ ಹೀಗೇ ಮರೆತುಬಿಡ್ತೀನೇನೋ.”

ಖದ್ರಾ ಮಂಡಿ ನೀವುವುದನ್ನು ನಿಲ್ಲಿಸಿದಳು. ತಲೆಯೆತ್ತಿ ಫಿರ್ಯಾಲ್‌ಳ ಮುಖ ನೋಡಿದಳು.

“ಹಿಂದಿನ ಸಾಲಿಗೆ ಹೋಗು. ಕೊನೇದರ ಪಕ್ಕದ್ದು. ಬುಡದಲ್ಲಿ ಚಕ್ಕೆ ಎದ್ದುಹೋಗಿದೆ, ಅಲ್ಲಿ ಬೆರಳು ಹಿಡಿಸುತ್ತೆ.”

ಫಿರ್ಯಾಲ್ ಓಡುತ್ತಲೇ ಹೋದಳು. ಖದ್ರಾ ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತ ಹಿಂದೆ ಬಂದಳು. ಚಕ್ಕೆ ಎದ್ದ ಜಾಗ ಸಿಕ್ಕಿತು. ಗಾಳಿ ಬೀಸಿತು, ಕಲ್ಲು ಬೆರಳನ್ನು ಮೆಲ್ಲಗೆ ಒತ್ತಿ, ಮೆಲ್ಲಗೆ ಬಿಟ್ಟಿತು. “ಇದೇ ಅಕ್ಕಾ! ಇದೇ!” ಎಂದು ಅವಳು ಗಟ್ಟಿಯಾಗಿ ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು.

“ನಿಮಗೆ ಹೇಗೆ ಗೊತ್ತು?”

“ಮದುವೆಯಾದ ವಾರವೇ ಬಂದಿದ್ವಿ. ನೀನಾಗ ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ.”

“ನಿಮಗೂ... ಹೇಳಿದ್ರಾ?”

“‘ಇದು ಅಲ್ಲಾಡುತ್ತೆ, ಬೀಳಲ್ಲ, ನಾನೂ ಹಾಗೇ’ ಅಂತ ತಾನೇ? ಹೇಳಿದ್ರು. ಎರಡನೇ ಸಲಕ್ಕೆ ಹೊಸ ಮಾತು ಹುಡುಕೋಕೂ ಸೋಮಾರಿತನ, ಆ ಮನುಷ್ಯನಿಗೆ.”

ಫಿರ್ಯಾಲ್ ಕಂಬಕ್ಕೆ ಬೆನ್ನು ಕೊಟ್ಟು ಕುಸಿದು ಕೂತಳು. ಸತ್ತವನ ಮೇಲೆ ಸಿಟ್ಟು ಬಂತು, ಎದುರಿಗಿದ್ದವಳ ಮೇಲೂ ಬಂತು. ಅಡುಗೆಮನೆಯ ಜಗಳಗಳೆಲ್ಲ ಒಂದೊಂದಾಗಿ ನೆನಪಾದಾಗ ತಲೆಯೆತ್ತಿ ನೋಡಲಾಗಲಿಲ್ಲ.

“ಇಷ್ಟು ವರ್ಷ ಬಾಯಿಗೆ ಬಂದ ಹಾಗೆ ಆಡಿಕೊಂಡೆ. ಒಂದೇ ಒಂದು ಸಲ ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ, ಅಕ್ಕಾ?”

ಖದ್ರಾ ಊದಿದ ಕಾಲನ್ನು ಚಪ್ಪಲಿಯೊಳಗೆ ತೂರಿಸುತ್ತಿದ್ದಳು.

“ನನಗೆ ನಾಲ್ಕು ಮಕ್ಕಳಿದ್ರು ಕಣೇ,” ಎಂದಳು. “ನಿನಗೆ ಈ ಕಂಬ ಒಂದೇ ಇತ್ತಲ್ಲ.”