ಲಿಸ್ಬನ್ನಿನಲ್ಲಿ ಆಗಸ್ಟ್

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಪೆಂಚೊ ಉಸಿರು ಬಿಗಿಹಿಡಿದ. ಅವನ ಹೆಂಡತಿ ಜ್ಲಾತ್ಕಾ ಎತ್ತಿದ ಸೌಟನ್ನು ಹಾಗೇ ಹಿಡಿದು ನಿಂತಳು. ಹೆಜ್ಜೆ ಅವರ ಬಾಗಿಲ ಮುಂದೆ ನಿಂತಿತು. ಬಾಗಿಲಡಿಯಿಂದ ತೆಳ್ಳನೆಯ ಪೊಟ್ಟಣವೊಂದು ಒಳಗೆ ಜಾರಿತು.

"ಗಾಂಚೊ," ಎಂದು ಪೆಂಚೊ ಪಿಸುಗುಟ್ಟಿದ. "ಅಂಗಿ ಬಂತು."

ಗಾಂಚೊ ಲಾರಿ ಓಡಿಸುತ್ತ ಯುರೋಪೆಲ್ಲ ಸುತ್ತುವವನು. ಪೊಟ್ಟಣದಲ್ಲಿ ಎರಡು ಟೀ ಶರ್ಟುಗಳಿದ್ದವು. ಎದೆಯ ಮೇಲೆ ಹಳದಿ ಟ್ರಾಮು, ಅದರಡಿ ದಪ್ಪಕ್ಷರದಲ್ಲಿ ಲಿಸ್ಬನ್. ಅವರ ಊರಾದ ಪ್ಲೆವೆನ್ನಿನ ಜನರ ಲೆಕ್ಕದಲ್ಲಿ ಗಂಡ ಹೆಂಡತಿ ಈಗ ಇದ್ದದ್ದೂ ಅಲ್ಲಿಯೇ. ಹಾಡಹಗಲೇ ಪೆಟ್ಟಿಗೆ ಉರುಳಿಸಿಕೊಂಡು ಟ್ಯಾಕ್ಸಿ ಹತ್ತಿದ್ದರು. ಕತ್ತಲಾದ ಮೇಲೆ ಹಿಂಬಾಗಿಲಿನಿಂದ ಕಳ್ಳರಂತೆ ವಾಪಸಾಗಿದ್ದರು. ಅಂದಿನಿಂದ ಪರದೆ ಸರಿದಿಲ್ಲ, ದೀಪ ಹೊತ್ತಿಲ್ಲ. ಕಕ್ಕಸಿಗೆ ನೀರು ಬಿಡುವುದೂ ಬೀದಿಯಲ್ಲಿ ಬಸ್ಸು ಹೋಗುವಾಗ ಮಾತ್ರ.

ಹೊರಗೆ ಹೆಜ್ಜೆ ಮೇಲಕ್ಕೆ ಹತ್ತಿಹೋಯಿತು.

"ತಕ್ಷಣ ಇಳಿದ್ರೆ ಎದುರು ಅಂಗಡಿ ಸ್ಟೆಫ್ಕಾಗೆ ಅನುಮಾನ ಬರುತ್ತೆ. ತಾರಸೀಲಿ ಒಂದು ಸಿಗರೇಟು ಸೇದಿ ಹೋಗ್ತಾನೆ. ಹುಷಾರು ನನ್ಮಗ," ಎಂದು ಪೆಂಚೊ ಮೆಚ್ಚಿಕೊಂಡ. ಆ ಸ್ಟೆಫ್ಕಾಳ ಕಣ್ಣಿಗೆ ಬಿದ್ದರೆ ಮುಗಿಯಿತು, ಊರಿಗೆಲ್ಲ ಡಂಗುರ.

ಪೆಂಚೊ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚುವ ಮೊದಲು, ಒಂದೇ ಒಂದು ಸಲ, ಅವರು ನಿಜಕ್ಕೂ ಬುಡಾಪೆಸ್ಟಿಗೆ ಹೋಗಿದ್ದರು. ಸೆಪ್ಟೆಂಬರಿನಲ್ಲಿ ಕಟ್ಟಡದವರೆಲ್ಲ ಅಂಗಳದಲ್ಲಿ ಸೇರಿ ಚಳಿಗಾಲಕ್ಕೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುವಾಗ ಪೆಂಚೊ ಬುಡಾಪೆಸ್ಟ್ ಎಂದು ಬರೆದ ಅಂಗಿ ತೊಟ್ಟು ಇಳಿದ. ಎಲ್ಲರ ಕಣ್ಣೂ ಅವನ ಎದೆಯ ಮೇಲೆ. ಮರುವರ್ಷ ಮೂರನೇ ಮಹಡಿಯ ಡಾಕ್ಟರಮ್ಮ ರಾದೋಸ್ತಿನಾ ರೋಮ್ ತೊಟ್ಟು ಬಂದರು, ಮೇಷ್ಟ್ರು ಸ್ಪಾಸ್ ಕ್ರೀಟ್ ತೊಟ್ಟು ಬಂದರು. ಆಮೇಲೆ ಅದೇ ಪದ್ಧತಿಯಾಯಿತು. ಊರಿನ ಹೆಸರಿಲ್ಲದ ಅಂಗಿಯಲ್ಲಿ ಅಂಗಳಕ್ಕಿಳಿಯುವುದು ಮಾನ ಕಳೆದುಕೊಳ್ಳುವ ಕೆಲಸ. ಮೆಣಸಿನಕಾಯಿಯ ಹೊಗೆ, ಕೈಯಲ್ಲಿ ಹಣ್ಣಿನ ಸಾರಾಯಿ ರಾಕಿಯಾ, ಬಾಯಿ ತುಂಬ ಪ್ರವಾಸದ ಕಥೆ. ಒಳ್ಳೆಯ ಜನ, ಯಾರೂ ಯಾರನ್ನೂ ಕೆದಕಿ ಕೇಳುತ್ತಿರಲಿಲ್ಲ.

ಜ್ಲಾತ್ಕಾಳ ಬೀರುವಿನಲ್ಲಿ ಪ್ರಾಗ್, ವೆನಿಸ್, ಬಾರ್ಸಿಲೋನಾ ಎಲ್ಲ ಇದ್ದವು. ಆ ಬೇಸಿಗೆಗಳಲ್ಲಿ ಅವಳು ಕಂಡದ್ದು ಮಾತ್ರ ಈ ಅಡುಗೆಮನೆಯನ್ನೇ.

"ವಾರ್ನಾಗಾದ್ರೂ ಹೋಗ್ಬಹುದಿತ್ತು," ಎಂದಳು. "ಬಸ್ಸಲ್ಲಿ ಹೋಗಿ ಸಮುದ್ರಕ್ಕೆ ಕಾಲಿಟ್ಟು ಬರ್ತಿದ್ವಿ."

"ವಾರ್ನಾ! ಡಾಕ್ಟರಮ್ಮ ವಿಯೆನ್ನಾಗೆ ಹೋಗಿರುವಾಗ ನಾನು ವಾರ್ನಾ ಅಂಗಿ ಹಾಕ್ಕೊಂಡು ನಿಲ್ಲಲಾ? ನಗ್ತಾರೆ ಕಣೇ."

ಜೈಲಿನಲ್ಲಾದರೂ ದಿನಕ್ಕೊಮ್ಮೆ ಅಂಗಳಕ್ಕೆ ಬಿಡುತ್ತಾರೆ. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಆ ಹಳದಿ ಟ್ರಾಮಿನ ಮೇಲೂ ಬಂತು. ಗೋಡೆಯೊಳಗಿನ ಕೊಳವೆಯಲ್ಲಿ ನೀರು ಗೊಳಗೊಳ ಹರಿಯಿತು. ಹಳೇ ಕೊಳವೆಗಳು ತಾವಾಗಿಯೇ ಗೊಣಗುತ್ತವೆ ಎಂಬುದು ಪೆಂಚೊನ ತೀರ್ಮಾನ.

ಅವನು ಅಂಗಿ ಬಿಚ್ಚಿ, ಪರದೆಯ ಸಂದಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಮಲಗಿದ. ಲಿಸ್ಬನ್ನಿನಿಂದ ಬಂದವನು ಸುಣ್ಣದಂತೆ ಬೆಳ್ಳಗಿದ್ದರೆ ಯಾರು ನಂಬುತ್ತಾರೆ? ಪಟ್ಟಿ ಸರಿದಂತೆ ತಾನೂ ಸರಿಯುತ್ತಿದ್ದ. ಜ್ಲಾತ್ಕಾ ಆಲೂಗಡ್ಡೆ ಸುಲಿಯುತ್ತ ಕೂತಳು.

ಬಿಸಿಲು ಗೋಡೆಯ ಕಡೆ ಸರಿಯಿತು. ಪೆಂಚೊ ಸರಿಯಲಿಲ್ಲ.

ಅವಳು ಎದ್ದು ಹೋಗಿ ನೋಡಿದಳು. ಮುಖ ಬೆವರಿನಲ್ಲಿ ತೊಯ್ದಿತ್ತು. ಕೈ ಎದೆಯನ್ನು ಹಿಂಡುತ್ತಿತ್ತು.

"ಆಂಬುಲೆನ್ಸ್ ಕರೀತೀನಿ."

"ಬೇಡ... ಸೈರನ್ ಕೇಳಿದ್ರೆ ಬೀದಿಯೆಲ್ಲ ಸೇರುತ್ತೆ. ನಾವು ಲಿಸ್ಬನ್ನಲ್ಲಿದ್ದೀವಿ ಕಣೇ."

"ನೀನು ಅಲ್ಲೇ ಇರು. ನಾನು ಪ್ಲೆವೆನ್‌ಗೆ ವಾಪಸ್ ಬಂದೆ," ಎಂದು ಅವಳು ಫೋನೆತ್ತಿಕೊಂಡಳು.

ಗಾಡಿಗಳೆಲ್ಲ ಹೊರಗಿವೆ, ಬರುವುದು ತಡವಾಗುತ್ತದೆ ಎಂದರು. ಪೆಂಚೊನ ತುಟಿ ನೀಲಿಗಟ್ಟುತ್ತಿತ್ತು. ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಹೋಯಿತೋ ಏನೋ. ಇವನೊಬ್ಬ ಉಳಿದರೆ ಸಾಕು, ಸಾಯುವವರೆಗೂ ಈ ಅಡುಗೆಮನೆಯಲ್ಲೇ ಕೂತಿರುತ್ತೇನೆ ಎನಿಸಿತು.

ಬಾಗಿಲನ್ನು ದಡಾರನೆ ತೆರೆದು ಹೊರಗೋಡಿದಳು. ಮೆಟ್ಟಿಲುಗಳು ಬಿಕೋ ಎನ್ನುತ್ತಿದ್ದವು. ಆಗಸ್ಟಿನಲ್ಲಿ ಈ ಕಟ್ಟಡದಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಇದ್ದೊಬ್ಬ ಡಾಕ್ಟರಮ್ಮ ವಿಯೆನ್ನಾದಲ್ಲಿ, ಮೇಷ್ಟ್ರು ಮಾಲ್ಟಾದಲ್ಲಿ. ಎಲ್ಲ ಗೊತ್ತಿದ್ದೂ ಕೂಗಿದಳು. ಮಾನ ಮರ್ಯಾದೆ ಬಿಟ್ಟು, ಗಂಟಲು ಹರಿಯುವಂತೆ ಕೂಗಿದಳು.

"ಯಾರಾದ್ರೂ ಇದ್ರೆ ಬನ್ರಪ್ಪೋ! ನನ್ನ ಗಂಡ ಸಾಯ್ತಿದ್ದಾನೆ! ನಾವು ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದೀವಿ!"

ಮೇಲೆಲ್ಲೋ ಚಿಲಕ ಸರಿದ ಸದ್ದಾಯಿತು.

"ಅವನನ್ನ ಎತ್ತಿ ಕೂರಿಸು, ಬಂದೆ!" ಎನ್ನುತ್ತ ಡಾಕ್ಟರಮ್ಮ ರಾದೋಸ್ತಿನಾ ಔಷಧದ ಚೀಲ ಹಿಡಿದು ಬರಿಗಾಲಲ್ಲೇ ಇಳಿದು ಬಂದರು, ಎದೆಯ ಮೇಲೆ ಮಡಿಕೆಯ ಗೆರೆ ಇನ್ನೂ ಹೋಗದ ವಿಯೆನ್ನಾ, ಅವರ ಹಿಂದೆಯೇ ಮಾಲ್ಟಾದ ಬಾಗಿಲು ತೆರೆಯಿತು, ಪೋರ್ಟೊದ ಬಾಗಿಲು ತೆರೆಯಿತು, ಕಟ್ಟಡದ ಅಷ್ಟೂ ಬಾಗಿಲುಗಳು ತೆರೆದುಕೊಂಡವು.